ರಾಮನಾಮದ ಹತ್ತಿ ಶಲ್ಯ: ಬಟ್ಟೆ ಒಳ್ಳೆಯದು, ತಕರಾರು ಅಂಚಿನದು

ಹಳದಿ ಹತ್ತಿ ಬಟ್ಟೆ, ಮೈತುಂಬ ಕೆಂಪಕ್ಷರದಲ್ಲಿ ‘ಶ್ರೀರಾಮ’, ಎರಡೂ ತುದಿಗೆ ಶಂಖ ಚಕ್ರ. ಹೇಗಿರುತ್ತದೆ ಅಂತ ಬಿಡಿಸಿ ಹೇಳಬೇಕಿಲ್ಲ, ಕಾಶಿಗೆ ಹೋಗಿ ಬಂದವರ ಮನೆಯಲ್ಲಿ ನೋಡಿರುತ್ತೀರಿ. ನಾನು ಆನ್‌ಲೈನ್‌ನಲ್ಲಿ ತರಿಸಿದ್ದು, ಹೋದ ವರ್ಷದ ರಾಮನವಮಿಗೆ. ಅವತ್ತಿನಿಂದ ಬೆಳಿಗ್ಗೆ ಜಪಕ್ಕೆ ಕೂತರೆ ಹೆಗಲ ಮೇಲೆ ಇದೇ. ಪಾರ್ಸಲ್ ಬಿಚ್ಚಿದ ದಿನವೇ ಐದು ಸ್ಟಾರ್ ಕೊಟ್ಟವರ ಜೊತೆ ನನ್ನದು ಸ್ವಲ್ಪ ಜಗಳ ಇದೆ.

ಬಣ್ಣದ ವಿಷಯ ಬೇಗ ಮುಗಿಸುತ್ತೇನೆ. ನಮ್ಮಲ್ಲಿ ಹತ್ತಿ ಬಟ್ಟೆ ಒಂದು ಸಲ ಹೊದ್ದರೆ ಮುಗಿಯಿತು, ಮತ್ತೆ ಒಗೆದರೇನೇ ಮಡಿ. ರೇಷ್ಮೆಗೋ ಉಣ್ಣೆಯ ಧಾಬಳಿಗೋ ಆ ಕಾಟವಿಲ್ಲ. ಹಾಗಾಗಿ ಇದನ್ನು ದಿನಾ ಜಾಲಿಸಿ, ಹಿಂಡಿ, ಯಾರಿಗೂ ತಗಲದ ಹಾಗೆ ಕೋಲಿನಿಂದ ಗಳದ ಮೇಲೆ ಹರವುತ್ತೇನೆ. ಮಾರನೇ ದಿನ ಸ್ನಾನ ಆದ ಮೇಲೆ ಅದೇ ಕೋಲಿನಿಂದ ಇಳಿಸುವುದು. ದಿನಾ ನೀರಿಗೆ ಬೀಳುವ ಬಟ್ಟೆ ಇದು ಅಂತ ಅಚ್ಚು ಹಾಕಿದವರು ಯೋಚಿಸಿದ ಹಾಗೆ ಕಾಣಲಿಲ್ಲ. ಶುರುವಿನಲ್ಲಿ ಬಕೆಟ್ ನೀರೆಲ್ಲ ಹಳದಿ. ಗಳದ ಮೇಲೆ ಪಕ್ಕದಲ್ಲಿದ್ದ ಬಿಳಿ ಪಂಚೆಗೂ ಹತ್ತಿತು. ಉಪ್ಪುನೀರಲ್ಲಿ ನೆನೆಸಿ ಅಂತ ಕೆಲವರು ಹೇಳುತ್ತಾರೆ. ಬಣ್ಣ ಹಾಕುವಾಗ ಉಪ್ಪಿಗೆ ಕೆಲಸ ಇದೆ, ಆಮೇಲೆ ಇಲ್ಲ. ಹೆಚ್ಚುವರಿ ಬಣ್ಣ ಹೋಗುವವರೆಗೆ ಬೇರೆಯಾಗಿ ತಣ್ಣೀರಲ್ಲಿ ಒಗೆಯುವುದೊಂದೇ ದಾರಿ. ಕೆಂಪಕ್ಷರದ್ದು ಬೇರೆ ಕಥೆ. ಅದು ಪಿಗ್ಮೆಂಟ್ ಅಚ್ಚು. ನೂಲಿನೊಳಗೆ ಇಳಿಯುವುದಿಲ್ಲ, ಅಂಟಿನ ಜೊತೆ ಮೇಲೆ ಕೂತಿರುತ್ತದೆ. ಉಜ್ಜಿದಷ್ಟೂ ಉದುರುತ್ತದೆ. ಅಂಗಡಿಯಲ್ಲಿ ಕೊಳ್ಳುವವರು ಒದ್ದೆ ಮಾಡಿದ ಬಿಳಿ ಕರ್ಚೀಫಿನಿಂದ ಅಕ್ಷರದ ಮೇಲೆ ಒಮ್ಮೆ ಉಜ್ಜಿ ನೋಡಿ.

ಇಷ್ಟಾದರೂ ಇದನ್ನೆಲ್ಲ ಸಹಿಸಿಕೊಂಡೆ. ಸಹಿಸೋಕೆ ಆಗದ್ದು ಅಂಚು.

ಉದ್ದ ಥಾನಿನ ಮೇಲೆ ಒಂದೇ ಸಮನೆ ಅಚ್ಚು ಹೊಡೆದು, ಆಮೇಲೆ ಅಳತೆಗೆ ಕತ್ತರಿಸಿದ್ದಾರೆ. ಕತ್ತರಿ ಎಲ್ಲಿ ಬಿತ್ತೋ ಅಲ್ಲಿಗೆ ಹೆಸರು ತುಂಡು. ನನ್ನ ಶಲ್ಯದ ಒಂದು ಕಡೆ ‘ಶ್ರೀ’ ಹೊರಗಿದೆ, ‘ರಾಮ’ ಮಡಚಿ ಹೊಲಿದ ಅಂಚಿನೊಳಗೆ ಸೇರಿಕೊಂಡಿದ್ದಾನೆ. ಹೊಲಿಗೆ ನೇರವಾಗಿ ಶಂಖದ ಮೇಲೇ ಹಾದುಹೋಗಿದೆ. ಹೋಗಲಿ ಅಂದರೆ, ಚಕ್ಕಳಮಕ್ಕಳ ಹಾಕಿ ಕೂತ ತಕ್ಷಣ ತುದಿ ನೆಲ ಮುಟ್ಟುತ್ತದೆ. ಅಮ್ಮ ಅಡುಗೆಮನೆ ಬಾಗಿಲಿನಿಂದಲೇ ಕಂಡುಹಿಡಿದರು: “ಹೆಗಲ ಮೇಲೆ ಇರೋ ರಾಮ ಸಾಲ್ದಾ ನಿಂಗೆ, ಕಾಲ್ ಕೆಳಗೂ ಬೇಕಾ?” ಅವತ್ತಿನಿಂದ ತುದಿ ಎತ್ತಿ ತೊಡೆ ಮೇಲೆ ಇಟ್ಟುಕೊಳ್ಳುವುದು, ಅದು ಜಾರುವುದು, ಮತ್ತೆ ಎತ್ತುವುದು. ಅಷ್ಟರಲ್ಲಿ ಮಣಿ ಎಣಿಕೆ ತಪ್ಪಿರುತ್ತದೆ. ಬೆವರು ಬಂದರೂ ಒರೆಸಿಕೊಳ್ಳೋಕೆ ಮನಸ್ಸಾಗಲ್ಲ, ಎಲ್ಲಿ ಹಿಡಿದರೂ ದೇವರ ಹೆಸರೇ. ಇದೇ ಬಟ್ಟೆ ಮೀಟರ್ ಲೆಕ್ಕದಲ್ಲೂ ಸಿಗುತ್ತದೆ. ಅದರ ಕೆಳಗೆ ‘ಆಸನ ಹೊಲಿಸಲು ಸೂಕ್ತ’ ಅಂತ ಬರೆದಿದ್ದಾರೆ! ರಾಮನ ಮೇಲೆ ಕೂರೋದಾ?

ಎಲ್ಲರಿಗೂ ಅಮ್ಮನ ಲೆಕ್ಕವೇ ಇರಬೇಕು ಅಂತಿಲ್ಲ ಬಿಡಿ. ಛತ್ತೀಸಗಡದ ರಾಮನಾಮಿ ಪಂಥದವರು ಬಿಳಿ ಬಟ್ಟೆ ಮೇಲೆ ಕಪ್ಪಕ್ಷರದಲ್ಲಿ ರಾಮನ ಹೆಸರು ಬರೆದು ಹೊದೆಯುತ್ತಾರೆ, ಮೈಮೇಲೂ ಹಚ್ಚೆ ಹಾಕಿಸಿಕೊಳ್ಳುತ್ತಾರೆ. ಅವರ ಮುಂದೆ ಅಂಚಿನ ಮಾತು ಎತ್ತಿದರೆ ನಕ್ಕಾರು. ಆದರೆ ನಾನಿರುವುದು ಅಮ್ಮನ ಮನೆಯಲ್ಲಿ.

ದೇವರ ಹಿಂದೆ ಕಟ್ಟೋಕೆ ನಮ್ಮಲ್ಲಿ ಒಂದು ಶ್ರೀಕಾಳಹಸ್ತಿ ಕಲಂಕಾರಿ ಬಟ್ಟೆ ಇದೆ. ಅಲ್ಲಿ ಬಟ್ಟೆಯನ್ನು ಅಳಲೆಕಾಯಿ, ಎಮ್ಮೆ ಹಾಲಲ್ಲಿ ಅದ್ದಿ ಒಣಗಿಸಿ, ಬಿದಿರಿನ ಕಡ್ಡಿ ಲೇಖನಿಯಲ್ಲಿ ಬರೆಯುತ್ತಾರೆ. ಕಪ್ಪು ಬಣ್ಣ ಕಬ್ಬಿಣ, ಬೆಲ್ಲ ಕೊಳೆಸಿ ತೆಗೆದದ್ದು. ಬೆಲೆಯಲ್ಲಿ ಇದಕ್ಕೂ ಅದಕ್ಕೂ ಹೋಲಿಕೆಯೇ ಇಲ್ಲ, ಒಪ್ಪಿದೆ. ಅದನ್ನು ನಾವು ದಿನಾ ಒಗೆಯುವುದೂ ಇಲ್ಲ. ಆದರೆ ಸುತ್ತ ಅಂಚು ಬಿಟ್ಟು, ಒಳಗೆ ಚಿತ್ರ ಕೂರಿಸಿದ್ದಾರೆ. ಯಾವ ದೇವರ ಕಾಲೂ ಕತ್ತರಿಗೆ ಸಿಕ್ಕಿಲ್ಲ. ಅಂಚು ಬಿಡೋಕೆ ಎಮ್ಮೆ ಹಾಲು ಬೇಕಾ?

ಬೈದದ್ದು ಸಾಕು. ಇಷ್ಟು ದಿನ ಯಾಕೆ ಬಿಸಾಡಲಿಲ್ಲ ಅಂದರೆ, ಬಟ್ಟೆ ಅಷ್ಟು ಚೆನ್ನಾಗಿದೆ. ಹೊಸದರಲ್ಲಿ ಗಂಜಿಯಿಂದ ಹಪ್ಪಳದ ಹಾಗಿತ್ತು. ಒಗೆದು ಒಗೆದು ಈಗ ಹೆಗಲ ಮೇಲೆ ಇದೆಯೋ ಇಲ್ಲವೋ ಗೊತ್ತಾಗುವುದಿಲ್ಲ. ತೆಳು ನೇಯ್ಗೆ, ಮಳೆಗಾಲದಲ್ಲೂ ರಾತ್ರಿ ಫ್ಯಾನ್ ಗಾಳಿಗೆ ಒಣಗುತ್ತದೆ. ನನ್ನ ದಪ್ಪ ಪಂಚೆಗೆ ಆ ಯೋಗ್ಯತೆ ಇಲ್ಲ. ಗಂಧ ಬಿದ್ದರೆ, ಅಕ್ಷತೆಯ ಅರಿಶಿನ ಹತ್ತಿದರೆ ಹಳದಿಯಲ್ಲಿ ಹಳದಿ, ಕಾಣುವುದೇ ಇಲ್ಲ. ಸೋಪು ಹಚ್ಚಿದಾಗ ಮಾತ್ರ ಆ ಕಲೆ ಕುಂಕುಮದ ಹಾಗೆ ಕೆಂಪಾಗುತ್ತದೆ. ಗಾಬರಿ ಬೇಡ, ಚೆನ್ನಾಗಿ ಜಾಲಿಸಿದರೆ ಕೆಂಪು ಹೋಗುತ್ತದೆ, ಉಳಿದದ್ದು ಬಿಸಿಲಿಗೆ ಮಾಸುತ್ತದೆ. ಅಕ್ಷರಗಳೂ ಈಗ ತಿಳಿಗೆಂಪಾಗಿವೆ. ಹೊಸದರ ಗಾಢ ಕೆಂಪಿಗಿಂತ ನನಗೆ ಇದೇ ಇಷ್ಟ.

ಹಳತಾದ ಮೇಲೆ ಏನು ಮಾಡುವುದು ಅನ್ನುವುದೂ ಕೊಳ್ಳುವಾಗಲೇ ಯೋಚಿಸಿ. ಬೇರೆ ಹತ್ತಿ ಬಟ್ಟೆ ಹಳತಾದರೆ ಒರೆಸೋ ಬಟ್ಟೆ. ಇದು ಹಾಗಾಗುವಂತಿಲ್ಲ, ಹೊಳೆಗೆ ಬಿಟ್ಟು ನೀರು ಕೆಡಿಸುವುದೂ ಸರಿಯಲ್ಲ. ಪಾರಾಯಣದ ಪುಸ್ತಕ ಸುತ್ತೋಕೆ ಅಮ್ಮ ಈಗಲೇ ಕಾಯ್ದಿರಿಸಿದ್ದಾರೆ.

ನಾನೂರು ರೂಪಾಯಿಯೊಳಗೆ ಸಿಕ್ಕರೆ ಧಾರಾಳವಾಗಿ ತಗೊಳ್ಳಿ, ಜಾಸ್ತಿ ಕೊಡಬೇಡಿ. ಐದಕ್ಕೆ ಮೂರು ಸ್ಟಾರ್. ಸುತ್ತ ನಾಲ್ಕು ಬೆರಳಷ್ಟು ಖಾಲಿ ಅಂಚು ಬಿಟ್ಟು, ಕನ್ನಡ ಅಕ್ಷರದಲ್ಲಿ ಅಚ್ಚು ಹಾಕಿದ್ದು ಎಲ್ಲಾದರೂ ಕಂಡರೆ ಕೆಳಗೆ ಬರೆಯಿರಿ, ಎರಡು ತಗೊಳ್ಳುತ್ತೇನೆ.