ರಿಮೋಟ್ ಬಗ್ಗಿ ಕಾರಿನ ಕಿಟ್ ಕಟ್ಟೋಕೆ ಇನ್ನೊಬ್ಬರ ಕೈಗೆ ಕೊಡೋ ಮುಂಚೆ ನನ್ನ ಕಥೆ ಓದಿ

ಮೊದಲೇ ಹೇಳಿಬಿಡ್ತೀನಿ, ಅರ್ಧ ತಪ್ಪು ನಂದೇ. ಬಗ್ಗಿ ಅಂದ್ರೆ ಮಣ್ಣು, ಮರಳಲ್ಲಿ ಓಡೋ ಕಾರು; ನಂದು ಅದರ ರಿಮೋಟ್ ಆಟಿಕೆ, ಬಿಡಿಭಾಗಗಳಾಗಿ ಡಬ್ಬಿಯಲ್ಲಿ ಬರೋ ಕಿಟ್. ಕಿಟ್ ತಂದು ಇನ್ನೊಬ್ಬನ ಕೈಲಿ ಕಟ್ಟಿಸೋದು ಅಂದ್ರೆ ಹೋಳಿಗೆ ತಂದು ಪಕ್ಕದ ಮನೆಯವರ ಬಾಯಿಗೆ ಇಟ್ಟ ಹಾಗೆ ಅಂತ ನನ್ನ ಹೆಂಡತಿ ಅವತ್ತೇ ಅಂದಿದ್ಲು. ಆದ್ರೂ ಬರೀತಾ ಇದ್ದೀನಿ. ಯಾಕಂದ್ರೆ ಅದನ್ನ ಕಟ್ಟಿಕೊಟ್ಟ ಆ ಮನುಷ್ಯ ಇವತ್ತು ಬೆಳಗ್ಗೆ ಕೂಡ "ಕಸ್ಟಮ್ ಬಗ್ಗಿ ಬಿಲ್ಡ್, ಆರ್ಡರ್ ತಗೋತಾ ಇದ್ದೀವಿ" ಅಂತ ಸ್ಟೇಟಸ್ ಹಾಕಿದ್ದಾನೆ. ಅದರಲ್ಲಿರೋ ಮೂರನೇ ಫೋಟೋ ನನ್ನ ಗಾಡಿದು.

ಗಾಡಿ ಜಪಾನಿನ ತಮಿಯಾ ಕಂಪನಿಯ ಹಾರ್ನೆಟ್. 1984ರಲ್ಲಿ ಬಂದಿದ್ದು, 2004ರಲ್ಲಿ ಮತ್ತೆ ಬಿಟ್ಟರು. 1:10 ಸೈಜು, ಅಂದ್ರೆ ಅಸಲಿ ಗಾಡಿಯ ಹತ್ತನೇ ಒಂದು ಭಾಗ, ಹಿಂದಿನ ಎರಡೇ ಚಕ್ರಕ್ಕೆ ಮೋಟಾರು. ಚಿಕ್ಕವನಿದ್ದಾಗ ಯಾರದೋ ಮನೆ ಶೋಕೇಸಲ್ಲಿ ನೋಡಿದಾಗಿಂದ ಆಸೆ. ಒಸಾಕಾದಲ್ಲಿರೋ ಭಾವ ಊರಿಗೆ ಬಂದಾಗ ಸೂಟ್‌ಕೇಸಲ್ಲಿ ಸ್ವೆಟರ್ ಮಧ್ಯೆ ಇಟ್ಟುಕೊಂಡು ತಂದುಕೊಟ್ಟರು. ಇಲ್ಲಿಂದಲೇ ತರಿಸೋಣ ಅಂದ್ರೆ ಆಟಿಕೆ ಮೇಲಿನ ಇಂಪೋರ್ಟ್ ಡ್ಯೂಟಿ ನಿಮಗೇ ಗೊತ್ತಲ್ಲ, 2020ರಲ್ಲಿ 20ರಿಂದ 60 ಪರ್ಸೆಂಟ್ ಮಾಡಿದ್ರು, 2023ರಲ್ಲಿ 70. ಅಂಥಾ ಕಿಟ್ಟು. ಅದನ್ನ ಹೋಗಿ ಅವನ ಕೈಗೆ ಕೊಟ್ಟೆ.

ನಂಗೆ ಡಬ್ಬಿ ಮೇಲಿರೋ ಕಪ್ಪು ಬಣ್ಣ ಬೇಡ ಇತ್ತು. 1964ರಲ್ಲಿ ಬ್ರೂಸ್ ಮೇಯರ್ಸ್ ಕ್ಯಾಲಿಫೋರ್ನಿಯಾದಲ್ಲಿ ಬೀಟಲ್ ಕಾರಿನ ಸಾಮಾನಿಗೆ ಫೈಬರ್ ಬಾಡಿ ಹಾಕಿ ಮಾಡಿದ ಮೊದಲ ಮ್ಯಾಂಕ್ಸ್ ಬಗ್ಗಿ ಇದೆಯಲ್ಲ, ಓಲ್ಡ್ ರೆಡ್ ಅಂತಾರೆ, ಆ ಕೆಂಪು ಬೇಕಿತ್ತು. ಮೇಲೆ ಎರಡು ಲೈಟು. ಅಚ್ಚು ತಿರುಗೋ ಕಡೆ ಕೂರೋ ಪ್ಲಾಸ್ಟಿಕ್ ಬುಷ್ ಬದಲು ಬಾಲ್ ಬೇರಿಂಗ್. ಇಷ್ಟೇ. ಮನೇಲಿ ಪಾಪು, ಆಫೀಸಲ್ಲಿ ರಿಲೀಸು, ಸ್ಪ್ರೇ ಹೊಡೆಯೋಕೆ ಬಾಲ್ಕನಿನೂ ಇಲ್ಲ. ಅದಕ್ಕೇ ಕೊಟ್ಟೆ.

ಲೆಕ್ಕ ಕೇಳಿ. ಪೇಂಟ್ 3,500, ಬೇರಿಂಗ್ ಸೆಟ್ 1,800, ಲೈಟು 1,200, ಕೂಲಿ 5,000. ಒಟ್ಟು 11,500. ಅಡ್ವಾನ್ಸ್ 7,000 ಅವತ್ತೇ ಫೋನಲ್ಲಿ ಹಾಕಿದೆ. "ಎರಡು ವಾರ ಬ್ರೋ" ಅಂದ. ಎರಡು ವಾರ ಎರಡೂವರೆ ತಿಂಗಳಾಯ್ತು. ಗೌರಿ ಹಬ್ಬ ಆಯ್ತು, ಅವರತ್ತೆಗೆ ಹುಷಾರಿಲ್ಲ ಆಯ್ತು, ಕಂಪ್ರೆಸರ್ ಕೆಟ್ಟಿತು, ಮಳೆ ಬಂತು. ಮಳೇಲಿ ಪೇಂಟ್ ಒಣಗಲ್ಲ ಅನ್ನೋದು ನಿಜ, ಅದೊಂದು ಒಪ್ಕೋತೀನಿ.

ಮಧ್ಯೆ ಒಂದು ಫೋಟೋ ಕಳಿಸಿದ. ಬೇರಿಂಗ್ ಕೂರಿಸಿದ್ದೀನಿ ನೋಡಿ ಬ್ರೋ ಅಂತ. ಪಳಪಳ ಹೊಳೀತಿತ್ತು. ನಾನು ಹಾರ್ಟ್ ಒತ್ತಿದೆ. ಹಾರ್ಟ್! ಆಮೇಲೆ, ಎಲ್ಲ ಮುಗಿದ ಮೇಲೆ ರಾತ್ರಿ ಕೂತು ಆ ಫೋಟೋ ದೊಡ್ಡದು ಮಾಡಿ ನೋಡ್ತೀನಿ, ಮುಂದಿನ ಚಕ್ರಕ್ಕೂ ಡ್ರೈವ್ ಶಾಫ್ಟ್, ಅಂದ್ರೆ ಮೋಟಾರಿಂದ ಚಕ್ರ ತಿರುಗಿಸೋ ಕಡ್ಡಿ, ಇದೆ. ಹಾರ್ನೆಟ್‌ಗೆ ಮುಂದೆ ಡ್ರೈವ್ ಶಾಫ್ಟ್ ಎಲ್ಲಿಂದ ಬರುತ್ತೆ ಸ್ವಾಮಿ? ಅದು ಯಾರದೋ ಫೋರ್ ವೀಲ್ ಡ್ರೈವ್ ಗಾಡಿ. ಹಾರ್ನೆಟ್ ಬಗ್ಗೆ ಎಲ್ಲ ಗೊತ್ತು ಅಂತ ಊರೆಲ್ಲ ಹೇಳ್ಕೊಂಡು ತಿರುಗೋ ನಾನು ಅದಕ್ಕೆ ಹಾರ್ಟ್ ಒತ್ತಿದ್ದೀನಿ.

ಕೊನೆಗೆ ಗಾಡಿ ಕೊಟ್ಟಿದ್ದು ಎಲ್ಲಿ ಅಂತೀರಾ? ಯಲಚೇನಹಳ್ಳಿ ಮೆಟ್ರೋ ಕೆಳಗೆ, ರಾತ್ರಿ ಎಂಟೂವರೆಗೆ, ಬೀದಿ ದೀಪದ ಹಳದಿ ಬೆಳಕಲ್ಲಿ. ಹಿಂದಿಂದ ಆಟೋದವರು ಹಾರ್ನ್ ಹೊಡೀತಾ ಇದ್ರು. ಗಾಡಿ ಕೆಂಪಗೆ ಚೆನ್ನಾಗೇ ಕಾಣ್ತು. ಬಾಕಿ 4,500 ಅಲ್ಲೇ ಕೊಟ್ಟೆ. ಅಲ್ಲೇ.

ಭಾನುವಾರ ಮಗನ ಜೊತೆ ಅವನ ಮೂರು ಜನ ಫ್ರೆಂಡ್ಸು, ಅವರಪ್ಪಂದಿರು, ಎಲ್ಲ ಮೈದಾನಕ್ಕೆ ಬಂದಿದ್ರು. ನಾನೇ ಕರೆದಿದ್ದು. ಎರಡು ರೌಂಡ್ ಓಡ್ತು. ಕಲ್ಲಿಗೆ ತಾಗಿ ಒಂದ್ಸಲ ಮಗುಚಿತು, ಬಗ್ಗಿ ಅಂದ್ಮೇಲೆ ಮಗುಚುತ್ತೆ, ಅದಕ್ಕೇ ಅಲ್ವಾ ಅದಿರೋದು. ಎತ್ತಿ ನೋಡಿದ್ರೆ ಮೂತಿ ಮೇಲೆ ಎರಡು ರೂಪಾಯಿ ನಾಣ್ಯದಷ್ಟು ಬಣ್ಣ ಇಲ್ಲ. ಉಗುರು ಹಾಕಿದೆ. ಈರುಳ್ಳಿ ಸಿಪ್ಪೆ ಥರ ಎದ್ದು ಬಂತು. ಎಳೆದ್ರೆ ಇನ್ನೂ ಬಂತು. ಪಕ್ಕದಲ್ಲಿ ನಿಂತಿದ್ದ ಹುಡುಗ "ಅಂಕಲ್, ಸ್ಟಿಕ್ಕರಾ?" ಅಂದ.

ಗೊತ್ತಿಲ್ಲದವರಿಗೆ ಹೇಳ್ತೀನಿ. ಹಾರ್ನೆಟ್ ಬಾಡಿ ಪಾಲಿಕಾರ್ಬೊನೇಟ್. ಗಾಜಿನ ಥರ ಪಾರದರ್ಶಕವಾಗಿ ಬರುತ್ತೆ, ಅದಕ್ಕೆ ಬಣ್ಣ ಹೊಡಿಯೋದು ಒಳಗಡೆಯಿಂದ. ಅದಕ್ಕೇ ಅಂತ ತಮಿಯಾದ್ದೇ ಪಿಎಸ್ ಸೀರೀಸ್ ಸ್ಪ್ರೇ ಇದೆ, ಬಾಡಿ ಬಗ್ಗಿದ್ರೆ ಬಣ್ಣನೂ ಬಗ್ಗುತ್ತೆ. ಹೊರಗಡೆ ಗೀರು ಬಿದ್ರೂ ಪ್ಲಾಸ್ಟಿಕ್‌ಗೆ ಬೀಳುತ್ತೆ, ಬಣ್ಣ ಒಳಗೆ ಹಾಗೇ ಇರುತ್ತೆ. ಈ ಪುಣ್ಯಾತ್ಮ ಹೊರಗಡೆ, ಸ್ಕೂಟರ್ ಟಚಪ್‌ಗೆ ಹೊಡೀತಾರಲ್ಲ ಆ ಡಬ್ಬಿ ಪೇಂಟ್ ಹೊಡೆದಿದ್ದಾನೆ. 3,500 ರೂಪಾಯಿಗೆ!

ಅವತ್ತು ರಾತ್ರಿನೇ ಬಿಚ್ಚಿದೆ. ಸ್ಕ್ರೂಗಳ ತಲೆ ಎಲ್ಲ ಸವೆದು ಗುಂಡಗಾಗಿದೆ. ಜಪಾನ್ ಸ್ಕ್ರೂಗೆ ನಮ್ಮ ಮಾಮೂಲಿ ಸ್ಟಾರ್ ಸ್ಕ್ರೂಡ್ರೈವರ್ ಹಾಕಿ ತಿರುಗಿಸಿದ್ರೆ ಹಾಗೇ ಆಗೋದು, ಜೆಐಎಸ್, ಅಂದ್ರೆ ಜಪಾನ್ ಅಳತೆಯ ಸ್ಕ್ರೂಡ್ರೈವರ್ ಬೇಕು. ಗೇರ್‌ಬಾಕ್ಸ್ ತೆಗೆದೆ. ಬೇರಿಂಗ್ ಎಲ್ಲಿ? ಕಿಟ್ ಜೊತೆ ಬಂದ ಅದೇ ಪ್ಲಾಸ್ಟಿಕ್ ಬುಷ್, ಒಂದು ತೊಟ್ಟು ಗ್ರೀಸ್ ಇಲ್ಲದೆ ಒಣಗಿ ಕೂತಿದೆ. 1150 ಬೇರಿಂಗ್ ಅಂದ್ರೆ ಹೊರಗೆ 11 ಎಂಎಂ, ಒಳಗೆ 5 ಎಂಎಂ, ಲೋಹದ್ದು, ಬೆರಳಲ್ಲಿ ತಿರುಗಿಸಿದ್ರೇ ಗೊತ್ತಾಗುತ್ತೆ. ಸಾಲದ್ದಕ್ಕೆ ಪ್ಲಾಸ್ಟಿಕ್‌ಗೆ ಹೋಗೋ ಸ್ಕ್ರೂಗೂ ನೀಲಿ ಥ್ರೆಡ್‌ಲಾಕ್, ಅಂದ್ರೆ ಸ್ಕ್ರೂ ಸಡಿಲ ಆಗದ ಹಾಗೆ ಹಿಡಿಯೋ ಅಂಟು, ಸುರಿದಿದ್ದಾನೆ. ಅದು ಲೋಹಕ್ಕೆ ಲೋಹ ಸೇರೋ ಕಡೆ ಹಾಕೋದು, ಇಂಥಾ ಪ್ಲಾಸ್ಟಿಕ್‌ನ ತಿನ್ನುತ್ತೆ. ಚಾಸಿಸ್‌ನಲ್ಲಿ ಎರಡು ಸ್ಕ್ರೂ ತೂತಿನ ಸುತ್ತ ಕೂದಲೆಳೆಯಷ್ಟು ಬಿರುಕು ಬಿಟ್ಟಾಗಿತ್ತು.

ಈಗ ಅವನ ಉತ್ತರಗಳು. ಇದನ್ನ ಓದಲೇಬೇಕು ನೀವು.

ಪೇಂಟ್ ಕಿತ್ತು ಬರ್ತಿದೆ ಅಂದೆ. "ಬಿಸಿಲಲ್ಲಿ ಇಟ್ಟಿದ್ರಾ?" ಇಲ್ಲ ಅಂದೆ. "ಓಡಿಸಿದ್ರಾ?"

ಓಡಿಸಿದ್ರಾ ಅಂತ ಕೇಳ್ತಾನೆ ರೀ! ಓಡಿಸದೆ ಆರತಿ ಎತ್ತಬೇಕಿತ್ತಾ?

"ಇದು ಡಿಸ್‌ಪ್ಲೇ ಫಿನಿಷ್, ಸಾರ್." ಗಮನಿಸಿ, ಇಲ್ಲೀವರೆಗೂ ಬ್ರೋ ಆಗಿದ್ದೋನು ಈಗ ಸಾರ್ ಆದೆ. ಬೇರಿಂಗ್ ಕೇಳಿದೆ. ಒಂದು ದಿನ ಉತ್ತರ ಇಲ್ಲ. ಮಾರನೇ ದಿನ "ಸಾರ್ ಅದು ಪ್ಲಾಸ್ಟಿಕ್ ಬೇರಿಂಗ್, ಜಪಾನ್ ಕ್ವಾಲಿಟಿ" ಅಂತ. ಫೋಟೋದಲ್ಲಿ ಇದ್ದಿದ್ದು ಯಾರ ಗಾಡಿ ಅಂದೆ. "ರೆಫರೆನ್ಸ್‌ಗೆ ಕಳಿಸಿದ್ದು." ದುಡ್ಡು ವಾಪಸ್ ಕೊಡಿ, ಎಲ್ಲ ಬೇಡ, ಬೇರಿಂಗ್‌ದು 1,800 ಆದ್ರೂ ಕೊಡಿ ಅಂದೆ. ಅದಕ್ಕೆ ಬಂದ ವಾಯ್ಸ್ ನೋಟ್ ಇನ್ನೂ ಇಟ್ಟುಕೊಂಡಿದ್ದೀನಿ. ಹಿಂದೆ ಟಿವಿ ಸೌಂಡು, ಮುಂದೆ ಇವನು ನಗ್ತಾ, "ಒಂದು ಆಟದ ಸಾಮಾನಿಗೆ ಇಷ್ಟೊಂದು ಟೆನ್ಶನ್ ತಗೋತೀರಲ್ಲ ಸಾರ್, ಮಗು ಆಡ್ಕೊಳ್ಳಿ ಬಿಡಿ." ಆಮೇಲೆ ಬ್ಲಾಕ್.

ಆಟದ ಸಾಮಾನಂತೆ. 11,500 ತಗೋವಾಗ "ಇದು ಆರ್ಟ್ ಬ್ರೋ" ಅಂದಿದ್ದ.

ಹೆಸರು ಹಾಕಲ್ಲ. ಕೇಳಬೇಡಿ. ಆದ್ರೆ ಯಾರಿಗಾದ್ರೂ ಕೊಡ್ತೀರಾ ಅಂದ್ರೆ ಬೇರಿಂಗ್ ನೀವೇ ಕೊಂಡು ಎಣಿಸಿ ಕೊಡಿ. ಬಾಡಿಗೆ ಒಳಗಡೆ ಹೊಡೀತೀಯಾ ಹೊರಗಡೆನಾ ಅಂತ ಒಂದೇ ಪ್ರಶ್ನೆ ಕೇಳಿ, ತಡವರಿಸಿದ್ರೆ ಎದ್ದು ಬನ್ನಿ. ಹಗಲು ಹೊತ್ತಲ್ಲಿ, ಗೇರ್‌ಬಾಕ್ಸ್ ಬಿಚ್ಚಿಸಿ ನೋಡಿದ ಮೇಲೆ ಬಾಕಿ ಕೊಡಿ. ಮೆಟ್ರೋ ಕೆಳಗೆ ಅಂದ್ರೆ ಹೋಗಲೇಬೇಡಿ. ಉಳಿದ ಬಿಡಿಭಾಗ, ಸ್ಟಿಕ್ಕರ್ ಹಾಳೆ, ಮ್ಯಾನ್ಯುಯಲ್ ವಾಪಸ್ ಕೇಳಿ. ನಂದು ಮೂರೂ ಬಂದಿಲ್ಲ.

ನಿನ್ನೆ ಭಾವ ವಿಡಿಯೋ ಕಾಲ್ ಮಾಡಿದ್ರು. "ಏನೋ, ಗಾಡಿ ರೆಡಿ ಆಯ್ತಂತೆ, ತೋರ್ಸೋ" ಅಂದ್ರು. ಅರ್ಧ ಸುಲಿದ ಬಾಡಿ ಅಲ್ಲೇ ಟೇಬಲ್ ಮೇಲಿತ್ತು. ಅದರ ಮೇಲೆ ಟವೆಲ್ ಎಳೆದು, ನೆಟ್‌ವರ್ಕ್ ಸರಿ ಇಲ್ಲ ಭಾವ ಅಂದೆ.