ಕುಂದುವಾಡ ಕೆರೆಯಿಂದ ಮರಿಯಾ ದ್ವೀಪಕ್ಕೆ: ನನ್ನ 8×42 ಬೈನಾಕ್ಯುಲರ್

ದಾವಣಗೆರೆಯ ಅಂಗಡಿಯೊಂದರಲ್ಲಿ ಕೊಂಡ, 8 ಪಟ್ಟು ಹಿಗ್ಗಿಸುವ, 42 ಮಿ.ಮೀ. ಅಗಲದ ಮುಂಭಾಗದ ಮಸೂರವಿರುವ ಈ ಬೈನಾಕ್ಯುಲರನ್ನು ಕುಂದುವಾಡ ಕೆರೆಯ ಏರಿಯ ಮೇಲೆ ನಾಲ್ಕು ತಿಂಗಳು ಬಳಸಿ, ನೀರುಕಾಗೆ, ಬೆಳ್ಳಕ್ಕಿಗಳನ್ನು ನೋಡುತ್ತ ಕೈ ಪಳಗಿಸಿಕೊಂಡ ಮೇಲೆ, ಮಗಳ ಊರಿಗೆ ಹೋದಾಗ ಆಸ್ಟ್ರೇಲಿಯಾದ ಟಾಸ್ಮೇನಿಯಾದಲ್ಲಿರುವ ಮರಿಯಾ ದ್ವೀಪ ರಾಷ್ಟ್ರೀಯ ಉದ್ಯಾನಕ್ಕೂ ಒಯ್ದೆ. ನಿಜವಾದ ಪರೀಕ್ಷೆ ನಡೆದದ್ದು ಅಲ್ಲಿಯೇ.

ದೋಣಿ ಇಳಿದೊಡನೆ ಹುಲ್ಲುಗಾವಲಿನಲ್ಲಿ ಮೇಯುತ್ತ ಕಾಣುವ ಬೂದುಬಣ್ಣದ ಕೇಪ್ ಬ್ಯಾರನ್ ಹೆಬ್ಬಾತುಗಳಿಗೆ ಯಾವ ಉಪಕರಣವೂ ಬೇಡ. ನಲವತ್ತು ಚುಕ್ಕೆಯ ಪಾರ್ಡಲೋಟ್ ಹಾಗಲ್ಲ. ಸುಮಾರು 10 ಸೆಂ.ಮೀ. ಉದ್ದದ ಈ ಅಪರೂಪದ ಹಕ್ಕಿ ನೀಲಗಿರಿ ಕುಲದ ವೈಟ್ ಗಮ್ ಮರಗಳನ್ನೇ ನೆಚ್ಚಿಕೊಂಡಿದ್ದು, ಎಲೆಯ ತೊಟ್ಟನ್ನು ಕೊಕ್ಕಿನಿಂದ ಗಾಯಗೊಳಿಸಿ, ಅಲ್ಲಿ ಒಸರುವ ಸಿಹಿರಸವನ್ನು ತಿನ್ನುತ್ತದೆ. ಎತ್ತರದ ಕೊಂಬೆಯಲ್ಲಿ ಅದರ ಕಪ್ಪು ರೆಕ್ಕೆಯ ಬಿಳಿ ಚುಕ್ಕೆಗಳು ಒಂದೊಂದಾಗಿ ಬಿಡಿಸಿ ಕಂಡಾಗ ನನಗೆ ಉಸಿರು ಹಿಡಿದಂತಾಯಿತು. 10 ಪಟ್ಟು ಹಿಗ್ಗಿಸುವ ಮಾದರಿಯಾಗಿದ್ದರೆ ಕೈನಡುಕಕ್ಕೆ ಈ ನೋಟ ತಪ್ಪುತ್ತಿತ್ತು ಎಂಬುದು ನನ್ನ ಖಚಿತ ಅಭಿಪ್ರಾಯ.

ಹಳೆಯ ಮರಗಳ ಪೊಟರೆಗಳಲ್ಲಿ ಗೂಡು ಮಾಡುವ ಸ್ವಿಫ್ಟ್ ಗಿಳಿಗಳಿಗೂ ಈ ದ್ವೀಪ ಆಸರೆ. ಟಾಸ್ಮೇನಿಯಾದ ಮುಖ್ಯಭೂಮಿಯಲ್ಲಿ ಕಾವಿಗೆ ಕೂತ ಹೆಣ್ಣನ್ನೇ ಕೊಲ್ಲುವ ಶುಗರ್ ಗ್ಲೈಡರ್ ಎಂಬ, ಮರದಿಂದ ಮರಕ್ಕೆ ತೇಲುವ ಪುಟ್ಟ ಪ್ರಾಣಿ ಇಲ್ಲಿಲ್ಲ. ಸಂಜೆಯ ಮಬ್ಬಿನಲ್ಲೂ ಗಿಳಿಗಳ ಹಸಿರು ಸ್ಪಷ್ಟವಾಗಿತ್ತು, ಏಕೆಂದರೆ 42 ಮಿ.ಮೀ. ಮಸೂರ ಸಾಕಷ್ಟು ಬೆಳಕನ್ನು ಒಟ್ಟುಗೂಡಿಸುತ್ತದೆ.

ಕಣ್ಣಿನ ಬಳಿಯ ರಬ್ಬರ್ ಬಳೆ ಮಾತ್ರ ಆರನೆಯ ತಿಂಗಳಿಗೇ ಸಡಿಲಗೊಂಡಿತು. ಅದನ್ನು ಬದಲಿಸಿಕೊಡಲು ಅಂಗಡಿಯವರು ಐದು ಬಾರಿ ಅಲೆಸಿದರು.