ಲಿಸ್ಟ್‌ನಲ್ಲಿ ಫೈಲ್ ಹೆಸರು ಕಂಡಿತು ಅಂತ ದುಡ್ಡು ಕಟ್ಟಬೇಡಿ

ಹಾರ್ಡ್ ಡಿಸ್ಕ್ ಕೈಕೊಟ್ಟಿದೆ ಅಂತ ಗಾಬರಿಯಲ್ಲಿ ರಿಕವರಿ ಸಾಫ್ಟ್‌ವೇರ್ ಹುಡುಕುತ್ತಿದ್ದೀರಾ? ಮೊದಲು ಆ ಡಿಸ್ಕನ್ನು ಬಿಚ್ಚಿ ಪಕ್ಕಕ್ಕಿಡಿ. ಆಮೇಲೆ ಇದನ್ನು ಓದಿ. ನಾನು ಬಿಚ್ಚಿಡಲಿಲ್ಲ. ಅದಕ್ಕೇ ಇವತ್ತು ಇದನ್ನೆಲ್ಲ ಬರೆಯಬೇಕಾಗಿ ಬಂದಿದೆ.

ನನ್ನದು 2 ಟಿಬಿಯ ಎಕ್ಸ್‌ಟರ್ನಲ್ ಡಿಸ್ಕ್. ಮಗಳು ಹುಟ್ಟಿದಾಗಿನಿಂದ ತೆಗೆದ ಫೋಟೊ, ವಿಡಿಯೊ ಎಲ್ಲ ಅದರಲ್ಲೇ ಇತ್ತು. ಬೇರೆ ಕಾಪಿ ಇರಲಿಲ್ಲ. ಹೌದು, ಅದು ನನ್ನದೇ ತಪ್ಪು, ಒಪ್ಪುತ್ತೇನೆ. ಒಂದು ದಿನ ಫೋಲ್ಡರ್ ತೆರೆಯಲು ಹೋದರೆ 'ಫೈಲ್ ಅಥವಾ ಡೈರೆಕ್ಟರಿ ಕೆಟ್ಟಿದೆ, ಓದಲು ಆಗುತ್ತಿಲ್ಲ' ಅಂತ ವಿಂಡೋಸ್ ಹೇಳಿತು. ಡಿಸ್ಕ್ ಒಳಗೆ ಸಣ್ಣಗೆ ಟಿಕ್ ಟಿಕ್ ಸದ್ದು ಬರುತ್ತಿತ್ತು. ಆ ಸದ್ದಿಗೆ ನಾನು ಗಮನ ಕೊಡಬೇಕಿತ್ತು.

ಈ ರಿಕವರಿ ಸಾಫ್ಟ್‌ವೇರ್‌ಗಳು ಹೇಗೆ ಅಂತ ನಿಮಗೆ ಗೊತ್ತೇ ಇದೆ. ಸ್ಕ್ಯಾನ್ ಫ್ರೀ, ಫೈಲ್ ಉಳಿಸಿಕೊಳ್ಳಲು ಮಾತ್ರ ದುಡ್ಡು. ಅಂಥದ್ದೊಂದರಿಂದ 19 ಗಂಟೆ ಸ್ಕ್ಯಾನ್ ಮಾಡಿಸಿದೆ. ಕೊನೆಗೆ ಲಿಸ್ಟ್ ಬಂತು. ನನ್ನ ಫೋಲ್ಡರ್‌ಗಳು, ನಾನೇ ಇಟ್ಟ ಹೆಸರುಗಳು, ಸೈಜ್, ತಾರೀಖು, ಎಲ್ಲ ಹಾಗೇ ಇತ್ತು. ಪ್ರತಿ ಫೈಲ್ ಮುಂದೆ ಹಸಿರು ಗುರುತು, 'ಸ್ಥಿತಿ: ಉತ್ತಮ'. ಫೋಟೊ ಮೇಲೆ ಕ್ಲಿಕ್ ಮಾಡಿದರೆ ಪಕ್ಕದಲ್ಲಿ ಚಿಕ್ಕದಾಗಿ ಮಗಳ ಮುಖ ಕಾಣಿಸಿತು. ನನಗೆ ಅಳುವೇ ಬಂತು. ಯೋಚನೆ ಮಾಡದೆ ಆ ಕ್ಷಣವೇ ದುಡ್ಡು ಕಟ್ಟಿದೆ.

ರಾತ್ರಿಯಿಡೀ ಕಾಪಿ ಆಯಿತು. ಬೆಳಿಗ್ಗೆ ಮೊದಲ ಫೋಟೊ ತೆರೆದೆ. ಮೇಲೆ ಒಂದು ಪಟ್ಟಿಯಷ್ಟು ಆಕಾಶ, ಕೆಳಗೆಲ್ಲ ಬೂದು ಬಣ್ಣ. ಎರಡನೆಯದೂ ಹಾಗೇ. ಮೂರನೆಯದು ತೆರೆಯಲೇ ಇಲ್ಲ. ಹತ್ತು ತೆರೆದೆ, ಏಳು ಹಾಳು. ವಿಡಿಯೊಗಳಂತೂ ಒಂದೂ ಓಡಲಿಲ್ಲ. ಸೈಜ್ ಮಾತ್ರ ಪಕ್ಕಾ ಸರಿ ಇತ್ತು! ಹೆಸರೂ ಸರಿ, ಸೈಜೂ ಸರಿ, ಒಳಗೆ ಏನೂ ಇಲ್ಲ. ಕುರ್ಚಿಯಲ್ಲಿ ಹಾಗೇ ಕೂತುಬಿಟ್ಟೆ. ಎಲ್ಲ ಸಿಕ್ಕಿತು ಅಂತ ಹಿಂದಿನ ರಾತ್ರಿಯೇ ಮನೆಯವರಿಗೆಲ್ಲ ಹೇಳಿದ್ದೆ. ಈಗ ಏನಂತ ಹೇಳಲಿ?

ಸಪೋರ್ಟ್‌ಗೆ ಬರೆದೆ. ಬಂದ ಉತ್ತರ: 'ನಮ್ಮ ದಾಖಲೆ ಪ್ರಕಾರ ನಿಮ್ಮ ಫೈಲ್‌ಗಳು ಯಶಸ್ವಿಯಾಗಿ ರಿಕವರ್ ಆಗಿವೆ.' ಯಶಸ್ವಿಯಾಗಿ! ಬೂದು ಬಣ್ಣದ ಫೋಟೊಗಳನ್ನು ಕಳಿಸಿದೆ. ಎರಡು ದಿನ ಬಿಟ್ಟು ಇನ್ನೊಂದು ಉತ್ತರ ಬಂತು: 'ಚೆಕ್‌ಡಿಸ್ಕ್ ಓಡಿಸಿ ಡಿಸ್ಕ್ ಸರಿಪಡಿಸಿಕೊಂಡು ಮತ್ತೆ ಸ್ಕ್ಯಾನ್ ಮಾಡಿ.'

ಚೆಕ್‌ಡಿಸ್ಕ್ ಅಂದರೆ ಡಿಸ್ಕ್‌ನ ತಪ್ಪು ಹುಡುಕಿ ಸರಿಪಡಿಸಲು ವಿಂಡೋಸ್‌ನಲ್ಲೇ ಇರುವ ಸಾಧನ. ನಾನು ನಂಬಿದೆ. ಅವರೇ ತಿಳಿದವರು ಅಲ್ವಾ ಅಂದುಕೊಂಡು ಓಡಿಸಿದೆ.

ಚೆಕ್‌ಡಿಸ್ಕ್ ಇರುವುದು ನಿಮ್ಮ ಫೈಲ್ ಉಳಿಸಲು ಅಲ್ಲ. ಫೈಲ್‌ಸಿಸ್ಟಮ್‌ನ, ಅಂದರೆ ಯಾವ ಫೈಲ್ ಡಿಸ್ಕ್‌ನಲ್ಲಿ ಎಲ್ಲಿದೆ ಅಂತ ಬರೆದಿಡುವ ವ್ಯವಸ್ಥೆಯ, ಲೆಕ್ಕ ತಾಳೆಯಾಗುವಂತೆ ಮಾಡುವುದಷ್ಟೇ ಅದರ ಕೆಲಸ. ಲೆಕ್ಕಕ್ಕೆ ಸಿಗದ ನಮೂದನ್ನು ಅಳಿಸುತ್ತದೆ, ದಿಕ್ಕಿಲ್ಲದ ತುಂಡುಗಳನ್ನು 'ಫೌಂಡ್.000' ಅನ್ನುವ ಫೋಲ್ಡರ್‌ಗೆ ಹಾಕುತ್ತದೆ. ಇದೆಲ್ಲ ಕೆಟ್ಟ ಡಿಸ್ಕ್ ಮೇಲೇ ಬರೆದುಕೊಂಡು ಮಾಡುತ್ತದೆ, ಹಿಂದಕ್ಕೆ ಹೋಗಲು ದಾರಿ ಇಲ್ಲ. ನನ್ನ ಫೋಲ್ಡರ್‌ಗಳು ಹೋದವು. ಅವುಗಳ ಬದಲು 'ಸಿಎಚ್‌ಕೆ' ಅಂತ ಮುಗಿಯುವ ನೂರಾರು ತುಂಡುಗಳು ಕೂತಿದ್ದವು.

ಮತ್ತೆ ಬರೆದೆ. ಈ ಸಲದ ಉತ್ತರ ನನಗೆ ಬಾಯಿಪಾಠ ಆಗಿದೆ: 'ಮೊದಲ ಸ್ಕ್ಯಾನ್ ನಂತರ ನಿಮ್ಮ ಡಿಸ್ಕ್‌ನಲ್ಲಿ ಬದಲಾವಣೆ ಆಗಿದೆ. ಆದ್ದರಿಂದ ಫಲಿತಾಂಶಕ್ಕೆ ನಾವು ಹೊಣೆಯಲ್ಲ.' ಬದಲಾವಣೆ ಮಾಡಿಸಿದ್ದು ಯಾರು? ನೀವೇ ಹೇಳಿದ್ದಲ್ವಾ ಅಂತ ಅವರದೇ ಮಾತನ್ನು ತೋರಿಸಿ ಕೇಳಿದೆ. ಅದಕ್ಕೆ ಉತ್ತರವೇ ಇಲ್ಲ. ದುಡ್ಡು ವಾಪಸ್ ಕೇಳಿದರೆ 'ಫೈಲ್ ಉಳಿಸಿದ ಮೇಲೆ ರಿಫಂಡ್ ಇಲ್ಲ' ಅಂದರು. ಅದರ ಕೆಳಗೇ, ಹಾಳಾದ ಫೋಟೊ ರಿಪೇರಿ ಮಾಡಲು ಅವರದೇ ಇನ್ನೊಂದು ಸಾಫ್ಟ್‌ವೇರ್ ಕೊಳ್ಳಿ ಅನ್ನುವ ಸಲಹೆ. ಅದನ್ನು ಓದಿ ಕೈ ನಡುಗಿತು.

ಆಫೀಸಿನ ಗೆಳತಿಯೊಬ್ಬಳು ಆ ಫೈಲ್‌ಗಳನ್ನು ಹೆಕ್ಸ್ ಎಡಿಟರ್‌ನಲ್ಲಿ (ಫೈಲ್ ಒಳಗಿನ ಡೇಟಾವನ್ನು ಅಂಕಿಗಳಾಗಿ ತೋರಿಸುವ ಸಾಫ್ಟ್‌ವೇರ್) ತೆರೆದು ತೋರಿಸಿದಳು. ಶುರುವಿನಲ್ಲಿ ಸ್ವಲ್ಪ ಡೇಟಾ, ಆಮೇಲೆ ಬರೀ ಸೊನ್ನೆ, ಪುಟಗಟ್ಟಲೆ ಸೊನ್ನೆ. ಡಿಸ್ಕ್‌ನಲ್ಲಿ ಓದಲಾಗದ ಸೆಕ್ಟರ್‌ಗಳ (ಡಿಸ್ಕ್‌ನ ಪುಟ್ಟ ಪುಟ್ಟ ಭಾಗಗಳ) ಜಾಗಕ್ಕೆ ಸಾಫ್ಟ್‌ವೇರ್ ಸೊನ್ನೆ ತುಂಬಿ ಕೊಟ್ಟಿತ್ತು. ಸೊನ್ನೆಯಿಂದ ಯಾವ ರಿಪೇರಿ ಆಗುತ್ತದೆ ಹೇಳಿ? ವಿಂಡೋಸ್ ಬಳಸುವ ಎನ್‌ಟಿಎಫ್‌ಎಸ್ ಫೈಲ್‌ಸಿಸ್ಟಮ್‌ನಲ್ಲಿ ಫೈಲ್‌ನ ಹೆಸರು, ಸೈಜ್, ತಾರೀಖು ಇರುವುದು ಎಂಎಫ್‌ಟಿ ಅನ್ನುವ ಪಟ್ಟಿಯಲ್ಲಿ. ಫೋಟೊ ಇರುವುದು ಡಿಸ್ಕ್‌ನ ಇನ್ನೆಲ್ಲೋ. ಪಟ್ಟಿ ಓದಿದ ಮಾತ್ರಕ್ಕೆ 'ಉತ್ತಮ' ಅಂತ ಬರೆದುಬಿಟ್ಟಿದ್ದರು. ಇನ್ನು ಆ ಚಿಕ್ಕ ಮುಖ? ಕ್ಯಾಮೆರಾ ತೆಗೆದ ಜೆಪೆಗ್‌ನ ಶುರುವಿನಲ್ಲೇ ಅದೇ ಫೋಟೊದ ಒಂದು ಪುಟ್ಟ ನಕಲು, ಥಂಬ್‌ನೇಲ್, ಇರುತ್ತದಂತೆ. ನಾನು ನೋಡಿ ಅತ್ತಿದ್ದು ಅದನ್ನು.

ಅವಳು ಮಾಡಿದ್ದು ಇಷ್ಟು. ಮೊದಲು ಡಿಡಿರೆಸ್ಕ್ಯೂ ಅನ್ನುವ ಸಾಫ್ಟ್‌ವೇರ್ ಬಳಸಿ ಇಡೀ ಡಿಸ್ಕ್‌ನ ಇಮೇಜನ್ನು, ಅಂದರೆ ಯಥಾವತ್ ನಕಲನ್ನು, ಬೇರೆ ಡಿಸ್ಕ್‌ಗೆ ತೆಗೆದಳು. ಅದು ಸುಲಭವಾಗಿ ಓದಲು ಬರುವ ಜಾಗವನ್ನು ಮೊದಲು ಓದಿಕೊಂಡು, ತೊಂದರೆ ಕೊಡುವ ಜಾಗಕ್ಕೆ ಕೊನೆಯಲ್ಲಿ ಕೈ ಹಾಕುತ್ತದೆ. ಆಮೇಲೆ ಆ ಇಮೇಜ್ ಮೇಲೆ ಫೋಟೊರೆಕ್ ಅನ್ನುವ ರಿಕವರಿ ಸಾಫ್ಟ್‌ವೇರ್ ಓಡಿಸಿದಳು. ಎರಡೂ ಫ್ರೀ, ಉಳಿಸುವಾಗಲೂ ಫ್ರೀ. ಫೋಟೊರೆಕ್ ಫೈಲ್‌ನ ಶುರುವಿನ ಗುರುತು ನೋಡಿ ಹುಡುಕುವುದರಿಂದ ಹಳೆಯ ಹೆಸರು ಬರುವುದಿಲ್ಲ. ಸಿಕ್ಕಿದ್ದೆಲ್ಲ ಬರೀ ನಂಬರ್ ಹೆಸರಿನಲ್ಲಿದೆ. ಪರವಾಗಿಲ್ಲ, ತೆರೆಯುತ್ತವೆ. ಆದರೆ ಡಿಸ್ಕ್‌ನಲ್ಲಿ ತುಂಡುತುಂಡಾಗಿ ಹರಡಿದ್ದ ದೊಡ್ಡ ವಿಡಿಯೊಗಳು ಇದರಲ್ಲೂ ಬರಲಿಲ್ಲ. ಮೊದಲೇ ತಂದಿದ್ದರೆ ಇನ್ನೂ ಜಾಸ್ತಿ ಸಿಗುತ್ತಿತ್ತು ಅಂದಳು. ಸಾಯುತ್ತಿರುವ ಡಿಸ್ಕನ್ನು 19 ಗಂಟೆ ಓಡಿಸಿದ್ದು, ಆಮೇಲೆ ಚೆಕ್‌ಡಿಸ್ಕ್. ಎರಡೂ ನಾನೇ ಮಾಡಿದ್ದು.

ಸದ್ದು ಬರುವ ಡಿಸ್ಕ್ ಮೇಲೆ ಸ್ಕ್ಯಾನ್ ಬೇಡ, ಮೊದಲು ಇಮೇಜ್ ತೆಗೆಯಿರಿ. ಆಗದಿದ್ದರೆ ಬಲ್ಲವರ ಕೈಗೆ ಕೊಡಿ. ದುಡ್ಡು ಕಟ್ಟುವ ಮೊದಲು ಒಂದು ದೊಡ್ಡ ವಿಡಿಯೊ ಪೂರ್ತಿ ಓಡಿಸಿ ತೋರಿಸಿ ಅನ್ನಿ. ತೋರಿಸದಿದ್ದರೆ ಎದ್ದು ಬನ್ನಿ.

ಮಗಳು ಮೊದಲ ಹೆಜ್ಜೆ ಇಟ್ಟ ವಿಡಿಯೊ ಸಿಕ್ಕಿಲ್ಲ. ಆಗ ಅದನ್ನು ಯಾರಿಗಾದರೂ ಕಳಿಸಿದ್ದೆನಾ ಅಂತ ಒಬ್ಬೊಬ್ಬರನ್ನೇ ಕೇಳುತ್ತಿದ್ದೇನೆ.